ಬರೀ ಖಾಲಿ ಅಂಗಳ ಅಂದ್ಬಿಟ್ರು

"ಇಷ್ಟು ದೂರ ಬಂದು ಬರೀ ಖಾಲಿ ಅಂಗಳ ನೋಡ್ಬೇಕಾ?" ನಮ್ ಗುಂಪಲ್ಲಿದ್ದ ಹಿರಿಯರೊಬ್ರು ಅಂದ ಈ ಮಾತು ನಾಲ್ಕು ದಿನ ಆದ್ರೂ ತಲೆಯಿಂದ ಇಳೀತಿಲ್ಲ. ಇರಾನ್ ದೇಶದ ಯಜ್ದ್‌ನಿಂದ ಕೆರ್ಮಾನ್ ಕಡೆ ಸುಮಾರು 60 ಕಿ.ಮೀ. ಹೋದ್ರೆ ಸಿಗೋ ಜೈನೊದ್ದೀನ್ ಕಾರವಾನ್‌ಸರಾಯ್‌ನಲ್ಲಿದ್ವಿ, ಅಂದ್ರೆ ಹಿಂದೆ ವ್ಯಾಪಾರಿಗಳು ಒಂಟೆಗಳ ಜೊತೆ ರಾತ್ರಿ ತಂಗ್ತಿದ್ದ ಛತ್ರ, ಸುತ್ತ ಮರುಭೂಮಿ. ಗೈಡ್ ಆ ಮಾತನ್ನ ಪರ್ಷಿಯನ್ ಭಾಷೆಗೆ ತಿರುಗಿಸಿ ಹೇಳಬಾರ್ದಿತ್ತು, ಹೇಳ್ಬಿಟ್ಟ. ಇಟ್ಟಿಗೆ ನೆಲಕ್ಕೆ ನೀರು ಚಿಮುಕಿಸ್ತಿದ್ದ ವಯಸ್ಸಾದ ಕೆಲಸದವರು ತಲೆ ಎತ್ತಿ, "ಖಾಲಿ ಅಲ್ಲ, ಇನ್ನೂ ಯಾರೂ ಬಂದಿಲ್ಲ" ಅಂದ್ರು.

ಇನ್ನೂ ಯಾರೂ ಬಂದಿಲ್ಲ! ನಂಗೆ ಆಗ್ಲೇ ಮೈ ಜುಮ್ ಅಂತು.

ಯಾಕಂದ್ರೆ ಆ ಜಾಗ ಬಿಟ್ಟಿರೋದೇ ಬರೋರಿಗೋಸ್ಕರ. ಇರಾನಿನ ದೊರೆ ಷಾ ಅಬ್ಬಾಸನ ಕಾಲದ ಕಟ್ಟಡ, ಹೊರಗಿಂದ ನೋಡಿದ್ರೆ ಗುಂಡಗೆ ಕೋಟೆ ಥರ, ಒಳಗೆ ಹೋಗೋಕೆ ಒಂದೇ ದೊಡ್ಡ ಬಾಗಿಲು, ಹೊರೆ ಹೊತ್ತ ಒಂಟೆ ತಲೆ ಬಗ್ಗಿಸದೆ ಬರೋ ಎತ್ತರ. ರಾತ್ರಿ ಆ ಬಾಗಿಲು ಹಾಕಿದ್ರೆ ಮುಗೀತು, ಇಡೀ ಸಾರ್ಥ, ಅಂದ್ರೆ ವ್ಯಾಪಾರಿಗಳ ತಂಡ, ಸುರಕ್ಷಿತ. ಅಂಗಳದಲ್ಲಿ ಹೊರೆ ಇಳಿಸೋದು, ಪ್ರಾಣಿಗಳನ್ನ ಹಿಂದಿನ ಲಾಯಕ್ಕೆ ಅಟ್ಟೋದು, ಮನುಷ್ಯರು ಸುತ್ತಲಿನ ಕಮಾನಿನ ಗೂಡುಗಳಿಗೆ ಹತ್ತೋದು. ಹತ್ತೋದು ಅಂತ ಯಾಕಂದೆ ಅಂದ್ರೆ ಆ ಗೂಡುಗಳು ನೆಲಮಟ್ಟದಲ್ಲಿಲ್ಲ, ನಮ್ಮ ಜಗಲಿ ಹಂಗೆ ಎತ್ತರಿಸಿ ಕಟ್ಟಿದ್ದಾರೆ, ಒಂಟೆ ಕತ್ತೆ ನುಗ್ಗಬಾರ್ದು ಅಂತ. ಅದರ ಅಂಚನ್ನ ಕೈಯಲ್ಲಿ ಸವರಿ ನೋಡ್ದೆ, ಸಂಜೆ ಆದ್ರೂ ಇಟ್ಟಿಗೆ ಬೆಚ್ಚಗಿತ್ತು. ಕೆಳಗೆ ನೀರು ಬಿದ್ದ ಕಡೆ ನೆಲ ಕಪ್ಪಾಗಿ, ಎರಡೇ ನಿಮಿಷಕ್ಕೆ ಮತ್ತೆ ಬೆಳ್ಳಗಾಗ್ತಿತ್ತು, ಅವರು ಮತ್ತೆ ಚಿಮುಕಿಸ್ತಿದ್ರು, ಮಣ್ಣಿನ ವಾಸನೆ ಜೊತೆ ತಣ್ಣನೆ ಗಾಳಿ ಮೇಲೇಳ್ತಿತ್ತು.

ಹಿರಿಯರು ಕೆಟ್ಟವರೇನಲ್ಲ, ದಾರಿಯುದ್ದಕ್ಕೂ ಎಲ್ರಿಗೂ ಚಹಾ ಕೊಡಿಸಿದ್ದಾರೆ. ಆದ್ರೆ ಗೋಡೆ ಮೇಲೆ ಚಿತ್ರ, ನೀಲಿ ಟೈಲ್ಸು ಇದ್ರೆ ಮಾತ್ರ ಅವರಿಗೆ ಅದು ಕಟ್ಟಡ. ನಂಗನ್ಸೋದು, ಗೊತ್ತಿಲ್ಲದೋರಿಗೋಸ್ಕರ ಇಷ್ಟು ಜಾಗ ಬಿಟ್ಟು ಕಟ್ಟೋಕೆ ದೊಡ್ಡ ಮನಸ್ಸು ಬೇಕು. ಒಂದೊಂದು ದಿನದ ನಡಿಗೆಗೆ ಒಂದೊಂದು ಇಂಥ ಅಂಗಳ ಇಟ್ಟಿದ್ರು ಆ ದಾರಿಗಳಲ್ಲಿ. 2023ರಲ್ಲಿ ಯುನೆಸ್ಕೋ ಇಂಥವು 54ನ್ನ ಒಟ್ಟಿಗೆ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ನಾವೀಗ ಕಟ್ಟೋ ಮನೇಲಿ ಬಂದೋರು ಚಪ್ಪಲಿ ಬಿಡೋಕೂ ಜಾಗ ಇರಲ್ಲ, ಅದನ್ನ ನೆನೆಸ್ಕೊಂಡ್ರೆ ಹೊಟ್ಟೆಲಿ ಸಂಕಟ ಆಗುತ್ತೆ.

ಕತ್ತಲಾದ್ಮೇಲೆ ಒಂದು ವ್ಯಾನ್ ಬಂತು. ಇರಾನಿ ಸಂಸಾರ, ಮಕ್ಕಳು ಬಾಗಿಲಿಂದ ಸೀದಾ ಅಂಗಳಕ್ಕೆ ಓಡಿದ್ರು, ಅಜ್ಜಿ ಜಗಲಿ ಮೇಲೆ ಚಾದರ ಹಾಸಿ ಫ್ಲಾಸ್ಕ್ ತೆಗೆದು ನಮ್ಮ ಕಡೆ ಕೈ ಬೀಸಿದ್ರು. ಹಿರಿಯರು ಒಂದ್ ನಿಮಿಷ ನಿಂತ್ರು, ಆಮೇಲೆ ಶೂ ಕಳಚಿಟ್ಟು ಮೇಲೆ ಹತ್ತಿ ಕೂತ್ರು.