ಇದು ಇನ್ನೂ ಮರ

ಭಾನುವಾರ ಮುಂಜಾನೆ ನೆರೆಮನೆಯ ಹಿರಿಯರು ನಮ್ಮ ಸೌದೆಯ ರಾಶಿಯಿಂದ ಎರಡು ಸೀಳುಗಳನ್ನು ಎತ್ತಿಕೊಂಡು ಒಂದಕ್ಕೊಂದು ತಟ್ಟಿದರು. ಠಣ್ ಎನ್ನಬೇಕಾದದ್ದು ದಬ್ ಎಂದಿತು. “ಇದು ಇನ್ನೂ ಮರ. ಸೌದೆ ಆಗಿಲ್ಲ,” ಎಂದರು. ಎರಡನ್ನೂ ತೆಗೆದಲ್ಲಿಯೇ ಇಟ್ಟು, ಕೈ ಒರೆಸಿಕೊಂಡು ಹೊರಟುಹೋದರು.

ಆ ದಬ್ ಎಂಬ ಸದ್ದು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ.

ಈ ಮನೆಯಲ್ಲಿ ಮೂರು ಚಳಿಗಾಲ ಕಳೆದಿದ್ದೇನೆ. ಬೆಳಿಗ್ಗೆ ಐದೂವರೆಗೆ ಮನೆ ಕಾಯಿಸುವ ಒಲೆಯ ಬಾಗಿಲು ತೆರೆದು ಬೂದಿ ಕೆದಕಿದರೆ ಗೋಲಿ ಗಾತ್ರದ ಎರಡು ಕೆಂಡಗಳು ಕಣ್ಣು ಬಿಡುತ್ತಿದ್ದವು. ಅವನ್ನು ಮುಂದಕ್ಕೆಳೆದು, ನಾಲ್ಕು ಚಕ್ಕೆ ಇಟ್ಟು, ಗಾಳಿಕಿಂಡಿ ತೆರೆದರೆ ಬೆಂಕಿಕಡ್ಡಿ ಗೀರದೆಯೇ ಒಲೆ ಎದ್ದು ಕೂರುತ್ತಿತ್ತು. ಬೂದಿಯನ್ನು ನಾನು ಪೂರ್ತಿ ತೆಗೆಯುವುದಿಲ್ಲ. ಒಂದು ಅಂಗುಲ ಉಳಿಸುತ್ತೇನೆ, ಕೆಂಡಕ್ಕೆ ಅದೇ ಕಂಬಳಿ. ತೆಗೆದದ್ದು ಮುಚ್ಚಳದ ಕಬ್ಬಿಣದ ಬಕೆಟ್ಟಿಗೆ, ಬಕೆಟ್ಟು ಮನೆಯಿಂದ ಹೊರಗೆ ಕಲ್ಲಿನ ಮೇಲೆ. ತಣ್ಣಗೆ ಕಾಣುವ ಬೂದಿಯೊಳಗೆ ಎರಡು ದಿನವಾದರೂ ಕೆಂಡ ಸಾಯದೆ ಇರಬಲ್ಲದು. ಏಳಕ್ಕೆ ದಪ್ಪ ಸೀಳು, ಮಧ್ಯಾಹ್ನ ಒಂದು, ಸಂಜೆ ಬುಟ್ಟಿ ತುಂಬುವ ಕೆಲಸ, ಮಲಗುವ ಮುನ್ನ ಎಲ್ಲಕ್ಕಿಂತ ದಪ್ಪನೆಯದು. ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ: ಒಲೆ ಹೊಸದಾಗಿ ಹೊತ್ತಿಸುವಾಗ ದಪ್ಪನೆಯದು ಕೆಳಗೆ, ಸಣ್ಣದು ಮೇಲೆ, ಉರಿ ನೆತ್ತಿಯಿಂದ ಇಳಿದು ಬರಬೇಕು, ಆಗ ಹೊಗೆಯೂ ಉರಿಯುತ್ತದೆ, ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಆ ಹೊಗೆಯ ಅನಿಲಗಳಲ್ಲೇ. ಇಷ್ಟು ಹೊತ್ತಿಗೆ ನನ್ನ ಹೆಂಡತಿ ಪುಸ್ತಕ ಬಿಡಿಸಿಕೊಂಡಿರುತ್ತಿದ್ದಳು.

ಹಳೆಯ ರಾಶಿ ಮುಗಿದದ್ದು ಹೋದ ಬುಧವಾರ. ಗುರುವಾರದಿಂದ ಹೊಸದು. ಮಾರಿದವನು ಪೂರ್ತಿ ಒಣಗಿದ್ದೆಂದು ಆಣೆ ಮಾಡಿದ್ದ. ಅದೇ ಒಲೆ, ಅದೇ ಕೈ, ಅದೇ ಪಾಠ. ಆದರೆ ಸೀಳಿನ ತುದಿಯಲ್ಲಿ ನೊರೆ ಬಂದು ಸುಯ್ ಎಂದು ಅಳತೊಡಗಿತು. ಎರಡು ದಿನದಲ್ಲಿ ಒಲೆಯ ಗಾಜು ಕಪ್ಪಾಯಿತು. ಬೆಳಿಗ್ಗೆ ಬೂದಿ ಕೆದಕಿದರೆ ಕೆಂಡವಿಲ್ಲ, ಅರ್ಧ ಸುಟ್ಟ ಕರಿಕೊರಡು. ಫೋನ್ ಮಾಡಿದೆ. “ಒಲೆಯ ಪಕ್ಕ ಇಡಿ, ಒಣಗುತ್ತದೆ,” ಎಂದ. ಒಣಗಿದ್ದನ್ನು ಮತ್ತೆ ಏಕೆ ಒಣಗಿಸಬೇಕು ಎಂದು ಕೇಳುವಷ್ಟರಲ್ಲಿ ಕರೆ ತುಂಡಾಗಿತ್ತು. ಸುಳ್ಳು ಹೇಳುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸುಳ್ಳನ್ನು ಸಲಹೆಯ ಹಾಗೆ ಹೇಳುವವರನ್ನು ಕಂಡರೆ ಮೈ ಉರಿಯುತ್ತದೆ. ಈ ವಾರ ಮನೆಯಲ್ಲಿ ಸರಿಯಾಗಿ ಉರಿದದ್ದು ಅದೊಂದೇ.

ಕೊಂಡ ದಿನ ತೇವಾಂಶದ ಮಾಪಕವನ್ನು ಚುಚ್ಚಿ ನೋಡಿಯೇ ಹಣ ಕೊಟ್ಟಿದ್ದೆ. ಶೇಕಡಾ 18 ತೋರಿಸಿತ್ತು, 20ಕ್ಕಿಂತ ಕೆಳಗಿದ್ದರೆ ಸಾಕು. ಆದರೆ ಚುಚ್ಚಿದ್ದು ಬಿಸಿಲು ಕಂಡ ಹೊರಮೈಗೆ. ಭಾನುವಾರ ಒಂದನ್ನು ಸೀಳಿ ಒಳಮೈಗೆ ಚುಚ್ಚಿದೆ: 34. ಮಾಪಕ ನೀರಿನ ತೂಕವನ್ನು ಒಣಮರದ ತೂಕಕ್ಕೆ ಹೋಲಿಸಿ ಲೆಕ್ಕ ಹೇಳುವುದರಿಂದ, ನಾಲ್ಕು ಕಿಲೋ ಸೌದೆಯಲ್ಲಿ ಒಂದು ಕಿಲೋ ನೀರು ಎಂದಾಯಿತು. ಮನೆ ಕಾಯಿಸುವ ಮೊದಲು ಬೆಂಕಿ ಆ ನೀರನ್ನು ಕಾಯಿಸಿ ಕಳಿಸಬೇಕು. ತಣ್ಣಗಾದ ಹೊಗೆ ಚಿಮಣಿಯ ಒಳಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಅದೇ ಒಂದು ದಿನ ಹೊತ್ತಿಕೊಂಡರೆ ಚಿಮಣಿಯೇ ಕೊಳ್ಳಿ. ಹಿರಿಯರು ಬಂದದ್ದೂ ನಮ್ಮ ಚಿಮಣಿಯ ಬಿಳಿ ಹೊಗೆಯನ್ನು ನೋಡಿಯಂತೆ.

ಸೋಮವಾರ ನಾಚಿಕೆ ಬಿಟ್ಟು ಅವರಲ್ಲಿಗೆ ಹೋದೆ. ಅವರಿಗೆ ಎಂಬತ್ತು ದಾಟಿದೆ. ಮಾತು ಕಡಿಮೆ, ಇದ್ದಷ್ಟೂ ಚುಚ್ಚುವಂಥದ್ದು. ಇಷ್ಟಪಡುವುದಕ್ಕೆ ಸ್ವಲ್ಪ ಪ್ರಯತ್ನ ಬೇಕಾಗುವ ಮನುಷ್ಯ. ಸೂರಿನ ಕೆಳಗೆ ಮೂರು ಸಾಲು ಸೌದೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಎರಡೂ ಪಕ್ಕ ಗಾಳಿಗೆ ತೆರೆದು. ಪ್ರತಿ ಸಾಲಿಗೂ ಸುಣ್ಣದ ಕಡ್ಡಿಯಲ್ಲಿ ವರ್ಷ ಬರೆದಿತ್ತು: ಈ ಚಳಿಗೆ, ಬರುವ ಚಳಿಗೆ, ಅದರಾಚೆಯ ಚಳಿಗೆ. ಮೂರನೆಯ ಸಾಲಿನ ಮುಂದೆ ನಿಂತಾಗ ಬೇಡವೆಂದರೂ ಮನಸ್ಸು ಅವರ ವಯಸ್ಸಿಗೆ ಎರಡು ಕೂಡಿಸಿತು.

“ಏನು ಎಣಿಸುತ್ತಿದ್ದೀರಿ?” ಎಂದು ಕೇಳಿದರು.

“ಸೌದೆ,” ಎಂದೆ.

ಅವರು ನಂಬಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಹಾಗಾದರೆ ಅವನು ಪೇರಿಸಿಟ್ಟದ್ದೆಲ್ಲ ಮುಗಿಯಿತು,” ಎಂದರು. ಅವನು ಎಂದರೆ ನಮಗೆ ಮನೆ ಮಾರಿದವನು. ಮಾರುವುದು ನಿಶ್ಚಯವಾದ ಮೇಲೂ ಒಂದು ತಿಂಗಳು ಕೊಡಲಿ ಹಿಡಿದೇ ಇದ್ದನಂತೆ. ಏಕೆಂದು ಇವರು ಕೇಳಿದ್ದರಂತೆ. ದಿಮ್ಮಿ ಕತ್ತರಿಸಿ ಆಗಿತ್ತಲ್ಲ ಎಂದನಂತೆ.

ಮೂರು ವರ್ಷ ನಾನು ಬೆಂಕಿಯ ಪಾಠ ಹೇಳಿದ್ದು ಅವನ ಸೌದೆಯ ಬಲದಿಂದ. ಮನೆ ನೋಡಲು ಬಂದ ದಿನ ಅವನನ್ನು ಜಿಪುಣ ಎಂದುಕೊಂಡಿದ್ದೆ, ಕಿಟಕಿಯ ಪರದೆಗಳನ್ನೂ ಕಳಚಿಕೊಂಡು ಹೋಗುತ್ತೇನೆ ಎಂದಿದ್ದಕ್ಕೆ. ಒಯ್ದದ್ದೂ ನಿಜ. ಆ ಸೌದೆಗೆ ಮಾತ್ರ ಬೆಲೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅದು ಅಂಗಳದ ಕಲ್ಲಿನ ಹಾಗೆ ಅಲ್ಲೇ ಹುಟ್ಟಿದ್ದೆಂದು ತಿಳಿದವನಂತೆ.

ನಿನ್ನೆಯಿಂದ ಹೊಸ ರಾಶಿಯನ್ನು ಇನ್ನೂ ಸಣ್ಣಗೆ ಸೀಳಿ ಗಾಳಿಗೆ ಪೇರಿಸುತ್ತಿದ್ದೇನೆ, ಬೆನ್ನು ಮುರಿದಿದೆ. ಎರಡು ಕೋಣೆ ಮುಚ್ಚಿ ಒಲೆಯಿರುವ ಕೋಣೆಯಲ್ಲೇ ಮಲಗುತ್ತೇವೆ. ಉಳಿದ ಚಳಿಗೆಂದು ಹಿರಿಯರು ತಮ್ಮ ಮೊದಲ ಸಾಲಿನಿಂದ ಆರು ತಳ್ಳುಗಾಡಿ ಸೌದೆ ಕೊಟ್ಟಿದ್ದಾರೆ. ದಾನವಲ್ಲ, ಸಾಲ, ಸೀಳುಗಳನ್ನು ಎಣಿಸಿ ಗೋಡೆಯ ಮೇಲೆ ಬರೆದುಕೊಂಡರು: 212. ವಸಂತದಲ್ಲಿ ಹಿಂತಿರುಗಿಸುತ್ತೇನೆ ಎಂದೆ.

“ಹಸಿಯದು ಬೇಡ. ಎರಡು ವರ್ಷ ಒಣಗಿಸಿ ತಂದುಕೊಡಿ,” ಎಂದರು.