ಫಿಸಿಕ್ಸ್ ಓದಿದವರಿಗೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಏನು ಕೆಲಸ?

ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ನೆಂಟರು, ಅಕ್ಕಪಕ್ಕದವರು ಕೇಳುವಾಗ "ಅಂದ್ರೆ ನೀವು ಡಾಕ್ಟ್ರಲ್ವಾ?" ಎನ್ನುವ ಸಣ್ಣ ನಿರಾಸೆ ದನಿಯಲ್ಲೇ ಇರುತ್ತದೆ. ಎಂ.ಎಸ್ಸಿ. ಕೊನೆಯ ವರ್ಷದ ಹುಡುಗ ಹುಡುಗಿಯರು ಕೇಳುವಾಗ ಅಸಲಿ ಪ್ರಶ್ನೆ ಬೇರೆ: "ಸರ್, ಈ ಲೈನಿಗೆ ಬರಬಹುದಾ? ಕೆಲಸ ಸಿಗುತ್ತಾ?" ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ.

ಡಾಕ್ಟರಲ್ಲ, ಮೆಡಿಕಲ್ ಫಿಸಿಸಿಸ್ಟ್. ನಮ್ಮ ರೋಗಿಗಳು "ಕರೆಂಟ್ ಕೊಡೋ ಜಾಗ" ಎನ್ನುವ ರೇಡಿಯೋಥೆರಪಿ, ಅಂದರೆ ವಿಕಿರಣ ಚಿಕಿತ್ಸೆಯ ವಿಭಾಗದಲ್ಲಿ ಕೆಲಸ. ಗಂಟಲಿನ ಕ್ಯಾನ್ಸರ್ ಬಂದವರಿಗೆ ಎಷ್ಟು ವಿಕಿರಣ, ಯಾವ ಭಾಗಕ್ಕೆ ಎಂದು ತೀರ್ಮಾನಿಸುವವರು ರೇಡಿಯೇಷನ್ ಆಂಕಾಲಜಿಸ್ಟ್. ದಿನಕ್ಕೆ 2 ಗ್ರೇ (ಮೈ ಹೀರುವ ವಿಕಿರಣದ ಅಳತೆ), ವಾರಕ್ಕೆ ಐದು ದಿನ, ಏಳು ವಾರ, ಒಟ್ಟು 70 ಗ್ರೇ ಎಂದು ಅವರು ಬರೆಯುತ್ತಾರೆ. ದಿನಾ ರೋಗಿಯನ್ನು ಮಲಗಿಸಿ, ಮುಖಕ್ಕೆ ಮಾಸ್ಕ್ ಬಿಗಿದು, ಯಂತ್ರ ನಡೆಸುವವರು ಟೆಕ್ನಾಲಜಿಸ್ಟ್. ಚೀಟಿಯಲ್ಲಿ ಬರೆದ ಆ 2 ಗ್ರೇ, ರೋಗಿಯ ಗಂಟಲಿನೊಳಗೂ 2 ಗ್ರೇ ಆಗಿಯೇ, ಬೀಳಬೇಕಾದ ಕಡೆಯೇ ಬೀಳುತ್ತದೆ ಎನ್ನುವುದಕ್ಕೆ ಜವಾಬುದಾರರು ನಾವು.

ಇದಕ್ಕೊಬ್ಬ ಬೇರೆ ಆಳು ಬೇಕೇ ಎಂದು ಅನ್ನಿಸಬಹುದು. 2 ಗ್ರೇ ಎಂದರೆ ಒಂದು ಕಿಲೋ ಅಂಗಾಂಶಕ್ಕೆ 2 ಜೌಲ್ ಶಕ್ತಿ. ಅಷ್ಟರಿಂದ ಆ ಜಾಗದ ಉಷ್ಣತೆ ಏರುವುದು ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲಿನಷ್ಟು. ರೋಗಿಗೆ ಬಿಸಿ ಇಲ್ಲ, ನೋವಿಲ್ಲ, ಬೆಳಕಿಲ್ಲ. ಎದ್ದು ಬಂದು "ಆಯ್ತಾ ಸಾರ್, ಏನೂ ಗೊತ್ತಾಗ್ಲೇ ಇಲ್ವಲ್ಲ" ಎನ್ನುತ್ತಾರೆ. 2ರ ಬದಲು 3 ಗ್ರೇ ಬಿದ್ದಿದ್ದರೂ ಅವರು ಹೇಳುತ್ತಿದ್ದುದು ಅದನ್ನೇ. ತಪ್ಪಾಗಿದ್ದರೆ ಮೈ ಹೇಳುವುದು ವಾರಗಳೋ ತಿಂಗಳೋ ಕಳೆದ ಮೇಲೆ. ಹಾಗಾಗಿ ಮೊದಲೇ ಅಳೆಯಬೇಕು.

ಆ ಅಳತೆ ಹೇಗಿರುತ್ತದೆ ನೋಡಿ. ಕೊನೆಯ ರೋಗಿ ಹೋದ ಮೇಲೆ, ವಿಕಿರಣ ಕೊಡುವ ಲಿನಾಕ್ ಯಂತ್ರದ ಕೆಳಗೆ ನೀರಿನ ಪೆಟ್ಟಿಗೆ ಇಡುತ್ತೇವೆ. ಉದ್ದ, ಅಗಲ, ಎತ್ತರ ಮೂರೂ 30 ಸೆಂಟಿಮೀಟರ್. ಮನುಷ್ಯನ ಮೈ ಬಹುಪಾಲು ನೀರೇ ಆದ್ದರಿಂದ ನೀರು. ಅದರಲ್ಲಿ 10 ಸೆಂಟಿಮೀಟರ್ ಆಳಕ್ಕೆ ಒಂದು ಸಣ್ಣ ಅಯಾನ್ ಛೇಂಬರ್. ಒಳಗೆ ಒಂದು ಘನ ಸೆಂಟಿಮೀಟರಿಗೂ ಕಡಿಮೆ ಗಾಳಿ. ವಿಕಿರಣ ಬಿದ್ದಾಗ ಆ ಗಾಳಿಯಲ್ಲಿ ಹುಟ್ಟುವ ವಿದ್ಯುದಾವೇಶವನ್ನು ಎಲೆಕ್ಟ್ರೋಮೀಟರ್ ಓದುತ್ತದೆ. ಛೇಂಬರಿಗೆ ಹೊರಗಿನ ಗಾಳಿ ಆಡುವ ದಾರಿ ಇರುವುದರಿಂದ ಒಳಗೆ ಎಷ್ಟು ಗಾಳಿ ಇದೆ ಎನ್ನುವುದು ಆ ಹೊತ್ತಿನ ಒತ್ತಡ, ಉಷ್ಣತೆಯ ಮೇಲೆ ನಿಂತಿರುತ್ತದೆ. ಲೆಕ್ಕದ ಆಧಾರ 20 ಡಿಗ್ರಿ ಮತ್ತು 1013.25 ಹೆಕ್ಟೋಪಾಸ್ಕಲ್. ಮಂಗಳೂರಿನಲ್ಲಿ ಕೂತು ಅಳೆದರೆ ಒತ್ತಡ ಅದರ ಆಸುಪಾಸಿನಲ್ಲೇ ಇರುತ್ತದೆ, ತಿದ್ದುವುದು ಹೆಚ್ಚೇನಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಒತ್ತಡ 910ರ ಹತ್ತಿರ. ಛೇಂಬರಿನಲ್ಲಿ ಗಾಳಿಯೇ ಕಡಿಮೆ. ಒತ್ತಡವೊಂದಕ್ಕೇ ರೀಡಿಂಗನ್ನು ಶೇಕಡಾ 11ರಷ್ಟು ಏರಿಸಬೇಕು.

ಇಂಟರ್ನ್‌ಗಳಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಬಾರೋಮೀಟರ್ ಕೆಟ್ಟಿದೆ ಎಂದು ಮೊಬೈಲಿನ ಹವಾಮಾನ ಆ್ಯಪ್ ತೆಗೆದರೆ ಅದು ಬೆಂಗಳೂರಿಗೂ 1012 ಎಂದೋ ಏನೋ ತೋರಿಸುತ್ತದೆ, ಯಾಕೆಂದರೆ ಹವಾಮಾನದವರು ಒತ್ತಡವನ್ನು ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಅದನ್ನು ನಂಬಿ ಲೆಕ್ಕ ಹಾಕಿದರೆ ಯಂತ್ರ ಕಡಿಮೆ ಕೊಡುತ್ತಿದೆ ಎಂದು ಕಾಣುತ್ತದೆ. ಸರಿಪಡಿಸುತ್ತೇನೆಂದು ಏರಿಸಿದರೆ ಮರುದಿನ ಬರುವ ಪ್ರತಿಯೊಬ್ಬ ರೋಗಿಗೂ ಶೇಕಡಾ 11 ಹೆಚ್ಚು. ಒಟ್ಟಾರೆ ಡೋಸ್ ಶೇಕಡಾ 5ರ ಒಳಗೆ ನಿಖರವಾಗಿರಬೇಕು ಎಂಬ ಮಾತು 1976ರಿಂದಲೂ ಇದೆ. ಇಷ್ಟು ಸಾದಾ ಸಂಗತಿಯಲ್ಲಿ ಅದರ ಎರಡರಷ್ಟು ಹೋಗಿಬಿಡುತ್ತದೆ. ಪಿಯುಸಿಯಲ್ಲಿ ಕಲಿತ ಗ್ಯಾಸ್ ಲಾ ಎಲ್ಲಿ ಕೆಲಸಕ್ಕೆ ಬರುತ್ತದೆ ಎನ್ನುವವರಿಗೆ, ಇಲ್ಲಿ.

ನಿಜವಾಗಿ ನಡೆದದ್ದನ್ನೂ ಹೇಳಬೇಕು. 1996ರಲ್ಲಿ ಕೋಸ್ಟರೀಕಾದ ಸ್ಯಾನ್ ಹೊಸೆಯ ಆಸ್ಪತ್ರೆಯೊಂದರಲ್ಲಿ ಕೋಬಾಲ್ಟ್ ಯಂತ್ರಕ್ಕೆ ಹೊಸ ಸೋರ್ಸ್, ಅಂದರೆ ವಿಕಿರಣ ಸೂಸುವ ಕೋಬಾಲ್ಟ್ ತುಂಡು, ಹಾಕಿದರು. ಅಳೆಯುವಾಗ ಟೈಮರ್ ತೋರಿಸಿದ್ದು 0.3 ನಿಮಿಷ, ಅಂದರೆ 18 ಸೆಕೆಂಡ್. ಅದನ್ನು 30 ಸೆಕೆಂಡ್ ಎಂದು ಲೆಕ್ಕಕ್ಕೆ ತೆಗೆದುಕೊಂಡರು. ಸೋರ್ಸ್ ನಿಜಕ್ಕಿಂತ ದುರ್ಬಲ ಎಂದು ಕಾಗದದ ಮೇಲೆ ಬಂತು, ರೋಗಿಗಳನ್ನು ಹೆಚ್ಚು ಹೊತ್ತು ಯಂತ್ರದಡಿ ಮಲಗಿಸಿದರು. 115 ಮಂದಿಗೆ ಬೇಕಾದ್ದಕ್ಕಿಂತ ಶೇಕಡಾ 50-60ರಷ್ಟು ಹೆಚ್ಚು ವಿಕಿರಣ ಬಿತ್ತು; ಕೆಲವರು ಅದರಿಂದಲೇ ಸತ್ತರು. ಯಂತ್ರ ಕೆಟ್ಟಿರಲಿಲ್ಲ. ಇನ್ನೊಬ್ಬರು ಕೂತು ಬೇರೆಯಾಗಿ ಒಮ್ಮೆ ಅಳೆದಿದ್ದರೆ ಅದೇ ದಿನ ಸಿಕ್ಕಿಬೀಳುವಂಥ ಲೆಕ್ಕ.

ಅಳತೆಯಷ್ಟೇ ಹೊತ್ತು ಹಿಡಿಯುವ ಇನ್ನೊಂದು ಕೆಲಸ ಪ್ಲಾನಿಂಗ್. ಸಿ.ಟಿ. ಸ್ಕ್ಯಾನಿನ ಮೇಲೆ ಡಾಕ್ಟರು ಗಡ್ಡೆಯನ್ನೂ ಉಳಿಸಬೇಕಾದ ಅಂಗಗಳನ್ನೂ ಗೆರೆ ಎಳೆದು ಕೊಡುತ್ತಾರೆ. ಗಂಟಲಿನ ಗಡ್ಡೆಗೆ 70 ಗ್ರೇ ಬೀಳಬೇಕು. ಅದರ ಬೆನ್ನಿಗೇ ಇರುವ ಬೆನ್ನುಹುರಿಗೆ 45ರ ಆಚೆ ಹೋಗಬಾರದು. ಕೆನ್ನೆಯ ಪಕ್ಕದ ಜೊಲ್ಲು ಗ್ರಂಥಿಗೆ (ಪರೋಟಿಡ್) ಸರಾಸರಿ 26ರ ಒಳಗಿದ್ದರೆ ಒಳ್ಳೆಯದು. ಗ್ರಂಥಿ ಸುಟ್ಟುಹೋದರೆ ಮನುಷ್ಯ ಬದುಕಿರುವಷ್ಟು ದಿನ ಬಾಯಿ ಒಣಗಿಯೇ ಇರುತ್ತದೆ, ರಾಗಿ ಮುದ್ದೆ ಹಾಗಿರಲಿ, ಮೆತ್ತಗಿನ ಅನ್ನವೂ ನೀರಿಲ್ಲದೆ ಇಳಿಯುವುದಿಲ್ಲ. ಮೂರೂ ಒಟ್ಟಿಗೆ ಕೂಡಿ ಬರುವುದು ಅಪರೂಪ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಡಾಕ್ಟರು ಬಂದು ನೋಡಿ "ಎಡಗಡೆ ಪರೋಟಿಡ್ ಇನ್ನೂ ಸ್ವಲ್ಪ ಇಳಿಸಕ್ಕಾಗಲ್ವಾ?" ಎನ್ನುತ್ತಾರೆ. "ಇಳಿಸ್ಬಹುದು ಮೇಡಂ, ಆದ್ರೆ ಈ ನೋಡ್‌ನಲ್ಲಿ ಡೋಸ್ ಕಮ್ಮಿ ಆಗೋಗುತ್ತೆ" ಎನ್ನುತ್ತೇನೆ. ನೋಡ್ ಎಂದರೆ ದುಗ್ಧಗ್ರಂಥಿ. ಇಂಥ ಚೌಕಾಸಿಯಲ್ಲೇ ಮಧ್ಯಾಹ್ನಗಳು ಕಳೆಯುತ್ತವೆ, ಮತ್ತು ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದೇ. ಪ್ಲಾನ್ ಒಪ್ಪಿಗೆಯಾದ ಮೇಲೆ ರೋಗಿಯಿಲ್ಲದೆ ಅದನ್ನು ಯಂತ್ರದಲ್ಲಿ ಒಮ್ಮೆ ಓಡಿಸಿ, ಕಂಪ್ಯೂಟರ್ ಹೇಳಿದ್ದಕ್ಕೂ ಅಳತೆಗೂ ತಾಳೆ ನೋಡುತ್ತೇವೆ. ಅಳೆದ ಬಿಂದುಗಳಲ್ಲಿ ನೂರಕ್ಕೆ 95 ಆದರೂ, ಡೋಸಿನಲ್ಲಿ ಶೇಕಡಾ 3 ಮತ್ತು ಜಾಗದಲ್ಲಿ 2 ಮಿಲಿಮೀಟರ್ ಅಂತರದ ಮಿತಿಯಲ್ಲಿ ಹೊಂದಬೇಕು. ಇವೆಲ್ಲ ಸಾಮಾನ್ಯವಾಗಿ ರಾತ್ರಿಯ ಕೆಲಸ, ಹಗಲೆಲ್ಲ ಯಂತ್ರ ರೋಗಿಗಳದ್ದು.

"ವಿಕಿರಣದ ಜೊತೆ ಇರೋಕೆ ಭಯ ಇಲ್ವಾ?" ಎಂದು ಅಮ್ಮ ಈಗಲೂ ಕೇಳುತ್ತಾರೆ. ಲಿನಾಕ್ ಸ್ವಿಚ್ ಆರಿಸಿದರೆ ವಿಕಿರಣವೂ ನಿಂತಿತು. ಆನ್ ಆಗಿರುವಾಗ ನಾವು ದಪ್ಪ ಕಾಂಕ್ರೀಟ್ ಗೋಡೆಯ ಆಚೆ. ನಮಗೆ ಬಿದ್ದ ವಿಕಿರಣವನ್ನು ದಾಖಲಿಸಲು ಎದೆಗೆ ಸಿಕ್ಕಿಸಿಕೊಂಡ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಬರುತ್ತದೆ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ನಮ್ಮ ರಿಪೋರ್ಟುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಎಚ್ಚರ ಬೇಕಾದ್ದು ಕೋಬಾಲ್ಟ್ ಮತ್ತು ಗರ್ಭಕಂಠದ ಕ್ಯಾನ್ಸರಿಗೆ ಒಳಗಿನಿಂದ ಕೊಡುವ ಇರಿಡಿಯಂ ಸೋರ್ಸ್ ವಿಷಯದಲ್ಲಿ. ಅವಕ್ಕೆ ಸ್ವಿಚ್ ಇಲ್ಲ.

ಇನ್ನು ದಾರಿ. ಬರೀ ಎಂ.ಎಸ್ಸಿ. ಫಿಸಿಕ್ಸ್ ಸಾಲದು. ಅದಾದ ಮೇಲೆ ರೇಡಿಯೋಲಾಜಿಕಲ್ ಫಿಸಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಬೇಕು. ಮುಂಬಯಿಯ ಬಿಎಆರ್‌ಸಿಯಲ್ಲಿ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ಇದು 1962ರಿಂದ ನಡೆಯುತ್ತಿದೆ, ಇಂದಿಗೂ ಅದಕ್ಕಿರುವ ಮರ್ಯಾದೆಯೇ ಬೇರೆ. ಇಲ್ಲವಾದರೆ ಬಿ.ಎಸ್ಸಿ. ನಂತರ ನೇರವಾಗಿ ಈ ವಿಷಯದಲ್ಲೇ ಎಂ.ಎಸ್ಸಿ.; ನಮ್ಮಲ್ಲಿ ಕಿದ್ವಾಯಿ, ಮಣಿಪಾಲ ಹೆಸರಾದವು. ಆಮೇಲೆ ರೇಡಿಯೋಥೆರಪಿ ಇರುವ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್, ಅದರ ಮೇಲೆ ಆರ್‌ಎಸ್‌ಒ ಪರೀಕ್ಷೆ. ಅದು ಪಾಸಾದರೆ ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿ ಆಗುವ ಅರ್ಹತೆ ಬರುತ್ತದೆ, ಬೇಡಿಕೆಯೂ ಅಲ್ಲಿಂದಲೇ ಏರುವುದು. ಎಲ್ಲದಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ಒಪ್ಪಿಗೆ ಬೇಕು. ಹೆಸರು ಚಂದ ಇದೆ ಎಂದು ಯಾವುದೋ ಕೋರ್ಸಿಗೆ ಫೀಸು ಕಟ್ಟುವ ಮೊದಲು ಅದಕ್ಕೆ ಮಂಡಳಿಯ ಮಾನ್ಯತೆ ಇದೆಯೇ ನೋಡಿ. ಇಲ್ಲದಿದ್ದರೆ ಎರಡು ವರ್ಷ ಮತ್ತು ಅಪ್ಪನ ದುಡ್ಡು ಎರಡೂ ಹೋದಂತೆ.

ಸಂಬಳ? ಶುರುವಿನಲ್ಲಿ ಸಾಫ್ಟ್‌ವೇರ್‌ಗೆ ಹೋದ ಗೆಳೆಯರೊಂದಿಗೆ ಹೋಲಿಸಿಕೊಳ್ಳಬೇಡಿ, ಹೊಟ್ಟೆ ಉರಿಯುತ್ತದೆ. ಆರ್‌ಎಸ್‌ಒ ಆದ ಮೇಲೆ ಪರವಾಗಿಲ್ಲ. ಬೆಂಗಳೂರು ಬಿಟ್ಟು ಹುಬ್ಬಳ್ಳಿ, ಕಲಬುರಗಿ ಕಡೆ ಹೋಗಲು ತಯಾರಿದ್ದವರಿಗೆ ಕೆಲಸ ಬೇಗ ಸಿಗುತ್ತದೆ. ಗೆರೆ ಎಳೆಯುವುದು, ಪ್ಲಾನ್ ಮಾಡುವುದು ಎಐ ಕೈಗೆ ಹೋಗುತ್ತಿದೆಯಲ್ಲ ಎಂದು ಹೆದರುವವರಿದ್ದಾರೆ. ಹೋಗುತ್ತಿದೆ, ನಾವೂ ಬಳಸುತ್ತೇವೆ. ಸಂಜೆಯ ನೀರಿನ ಪೆಟ್ಟಿಗೆ ಮಾತ್ರ ಇನ್ನೂ ನಮ್ಮ ಕೈಯಲ್ಲೇ ತುಂಬಬೇಕು.

ಇಂಟರ್‌ವ್ಯೂಗೆ ಹೋದಾಗ ಸಂಬಳದ ಮಾತಿಗೆ ಮೊದಲು ನೀವೇ ಮೂರು ಪ್ರಶ್ನೆ ಕೇಳಿ. ಆಸ್ಪತ್ರೆಗೆ ಸ್ವಂತ ಅಯಾನ್ ಛೇಂಬರ್ ಇದೆಯಾ, ಕೊನೆಯ ಬಾರಿ ಕ್ಯಾಲಿಬ್ರೇಷನ್ ಆಗಿದ್ದು ಯಾವಾಗ? ಯಂತ್ರವನ್ನು ಪರೀಕ್ಷೆಗೆ ಎಂದು ವಾರದಲ್ಲಿ ಎಷ್ಟು ಹೊತ್ತು ಬಿಟ್ಟುಕೊಡುತ್ತೀರಿ? ನಾನು ಹಾಕಿದ ಲೆಕ್ಕವನ್ನು ಮತ್ತೆ ನೋಡಲು ಇನ್ನೊಬ್ಬ ಫಿಸಿಸಿಸ್ಟ್ ಇದ್ದಾರಾ? ಮೂರನೆಯದಕ್ಕೆ "ಸದ್ಯಕ್ಕೆ ನೀವೊಬ್ಬರೇ" ಎಂದು ಬಂದರೆ, ಎರಡನೆಯವರು ಎಷ್ಟರಲ್ಲಿ ಬರುತ್ತಾರೆ ಎನ್ನುವುದನ್ನು ಆಫರ್ ಲೆಟರಿನಲ್ಲೇ ಬರೆಸಿಕೊಳ್ಳಿ.