15 ಮಿಲಿ ಸ್ಪಿರಿಟ್, 400 ಮಿಲಿ ನೀರು, ಪಡುಕೆರೆಯ ಗಾಳಿ

ಕೊನೆಗೂ ಕುದಿಯಿತು! ನಿನ್ನೆ ಸಂಜೆ ಉಡುಪಿ ಬಳಿಯ ಪಡುಕೆರೆ ಬೀಚಿನ ಮರಳಿನ ಮೇಲೆ, ಕಡಲಗಾಳಿ ಟೋಪಿ ಹಾರಿಸುವಷ್ಟು ಬೀಸುತ್ತಿರುವಾಗಲೇ, 400 ಮಿಲಿ ನೀರು ಎಂಟೂವರೆ ನಿಮಿಷದಲ್ಲಿ ಕೊತಕೊತ ಕುದಿಯಿತು. ನಡಿಗೆಗೆ ಒಯ್ಯಲೆಂದು ನಾನೇ ಮಾಡಿದ ಪುಟ್ಟ ಒಲೆಗೆ ಸುರಿದದ್ದು 15 ಮಿಲಿ ಸ್ಪಿರಿಟ್, ಅಂದರೆ ಉರಿಸುವ ಆಲ್ಕೋಹಾಲ್, ಮಾತ್ರ. ಇಷ್ಟಕ್ಕಾಗಿ ಆರು ವಾರ ಹೆಣಗಿದ್ದೇನೆ.

ತಂಪು ಪಾನೀಯದ ಕ್ಯಾನ್ ಕತ್ತರಿಸಿ ಒಲೆ ಮಾಡುವ ಬಗೆ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಒಲೆ 10 ಗ್ರಾಂ, 550 ಮಿಲಿಯ ಟೈಟಾನಿಯಂ ಪಾತ್ರೆ 76 ಗ್ರಾಂ. ಹಳೆ ಸೈಕಲ್ಲಿನ ಸ್ಪೋಕ್ ಕಡ್ಡಿಗಳನ್ನು ಬಗ್ಗಿಸಿ ಮಾಡಿದ ಸ್ಟ್ಯಾಂಡಿನ ಎತ್ತರ 5 ಸೆಂ.ಮೀ. ಇಲ್ಲಿಯವರೆಗೆ ಏನೂ ತೊಂದರೆಯಿಲ್ಲ.

ತೊಂದರೆ ಶುರುವಾದದ್ದು ಸ್ಪಿರಿಟ್‌ನಿಂದ. ಒಲೆಗೆ ಬೇಕಾದ ಆಲ್ಕೋಹಾಲ್ ಎಥನಾಲ್. ಆನ್‌ಲೈನ್‌ನಲ್ಲಿ ಹಾಗೆಂದು ನೋಡಿ ತರಿಸಿದ ಬಾಟಲಿಯಲ್ಲಿದ್ದದ್ದು ಐಸೊಪ್ರೊಪೈಲ್ ಎಂಬ ಬೇರೆ ಆಲ್ಕೋಹಾಲ್. ಹಚ್ಚಿದ ಕೂಡಲೇ ಹಳದಿ ಉರಿ, ಪಾತ್ರೆಯ ತಳದಲ್ಲಿ ಕಾಡಿಗೆಯಂಥ ಮಸಿ. ಮಾರಿದವರಿಗೆ ಮೂರು ಸಲ ಬರೆದೆ, 'ಎರಡೂ ಒಂದೇ ಸಾರ್' ಎಂಬ ಉತ್ತರ ಬಂತು. ಒಂದೇ ಅಲ್ಲ! ಕೈ ಒರೆಸುವುದಕ್ಕೆ ಎರಡೂ ನಡೆಯುತ್ತದೆ, ಒಲೆಗೆ ಐಸೊಪ್ರೊಪೈಲ್ ನಡೆಯುವುದಿಲ್ಲ. ಆಮೇಲೆ ಪೀಠೋಪಕರಣಕ್ಕೆ ಪಾಲಿಶ್ ಹೊಡೆಯುವ ಪರಿಚಯದ ಆಚಾರಿಯೊಬ್ಬರು ತಮ್ಮ ಡಬ್ಬಿಯಿಂದ ಅರ್ಧ ಲೀಟರ್ ಸ್ಪಿರಿಟ್ ಕೊಟ್ಟರು. ಅದು ನೀಲಿಯಾಗಿ ಉರಿಯಿತು.

ಮನೆಯ ಬಾಲ್ಕನಿಯಲ್ಲಿ ಏಳು ನಿಮಿಷಕ್ಕೆ ಕುದಿ ಬಂತು. ಅದೇ ಒಲೆ, ಅದೇ 15 ಮಿಲಿ ಹಿಡಿದುಕೊಂಡು ಪಡುಕೆರೆಗೆ ಹೋದರೆ ಉರಿಯೆಲ್ಲ ಮೂಡಣಕ್ಕೆ ವಾಲಿ, ಸ್ಪಿರಿಟ್ ಮುಗಿಯುವಾಗ ನೀರು 66 ಡಿಗ್ರಿ. ರಾತ್ರಿ ಕುಳಿತು ಲೆಕ್ಕ ಹಾಕಿದೆ. 15 ಮಿಲಿ ಸ್ಪಿರಿಟ್‌ನಲ್ಲಿ ಸುಮಾರು 300 ಕಿಲೋಜೂಲ್ ಶಾಖ ಇದೆ. 400 ಮಿಲಿ ನೀರನ್ನು 28ರಿಂದ 100 ಡಿಗ್ರಿಗೆ ಏರಿಸಲು ಬೇಕಾದದ್ದು 120. ಬೀಚಿನಲ್ಲಿ ನೀರಿಗೆ ಸೇರಿದ್ದು 64 ಮಾತ್ರ, ಐದರಲ್ಲಿ ನಾಲ್ಕು ಪಾಲು ಶಾಖ ಗಾಳಿಪಾಲು. ಹಾಗಾದರೆ ಒಲೆಯನ್ನು ಬೈದು ಪ್ರಯೋಜನವಿಲ್ಲ, ಗಾಳಿಮರೆ ಸರಿಯಾಗಬೇಕು.

ಮೊದಲನೆಯ ಮರೆಗೆ ತೆಳು ಅಲ್ಯೂಮಿನಿಯಂ ತಗಡು ಸುತ್ತಿ, ಕಾಗದಕ್ಕೆ ತೂತು ಹೊಡೆಯುವ ಪಂಚ್‌ನಿಂದ ಬುಡದ ಸುತ್ತಲೂ ತೂತು ಹೊಡೆದೆ. ಪಡುವಣದ ತೂತುಗಳಿಂದ ಗಾಳಿ ನೇರ ಒಳಗೆ ನುಗ್ಗಿತು. ಎರಡನೆಯದರಲ್ಲಿ ಗಾಳಿಗೆ ಬೆನ್ನು ಹಾಕಿದ ಅರ್ಧಕ್ಕೆ ಮಾತ್ರ ತೂತು, ಮತ್ತು ಶಾಖ ಸ್ವಲ್ಪವೂ ತಪ್ಪಿಸಿಕೊಳ್ಳಬಾರದೆಂದು ಪಾತ್ರೆಗೆ ತಾಗುವಷ್ಟು ಬಿಗಿ, ಸಂದು 2 ಮಿ.ಮೀ. ಕೂಡ ಇರಲಿಲ್ಲ. ಅಂಗಳದಲ್ಲಿ ಹಚ್ಚಿದೆ. ಒಂದು ನಿಮಿಷ ಚೆನ್ನಾಗಿತ್ತು. ಆಮೇಲೆ ಒಲೆಯೊಳಗಿನ ಸ್ಪಿರಿಟ್ ಹದ ಮೀರಿ ಕುದಿಯಲು ಶುರುವಾಗಿ, ಉರಿ ಹಳದಿಗೆ ತಿರುಗಿ ಬುಡದ ತೂತುಗಳಿಂದ ಹೊರಗೆ ನಾಲಿಗೆ ಚಾಚಿತು. ಹಿಡಿಕೆಯ ಸಿಲಿಕೋನ್ ಸುಟ್ಟ ವಾಸನೆ. ಕೊನೆಗೆ ಉಸಿರು ಕಟ್ಟಿದ ಹಾಗೆ ಆರಿಹೋಯಿತು.

ಅಮ್ಮ ಬಟ್ಟೆ ಒಣಹಾಕುತ್ತಾ ನೋಡುತ್ತಿದ್ದರು. 'ಬರ್ಲಿಕ್ಕೆ ಒಟ್ಟೆ ಮಾಡಿದ್ದೀ, ಹೋಗ್ಲಿಕ್ಕೆ ದಾರಿ ಎಲ್ಲಿ ಉಂಟು ಮಗಾ? ಬಚ್ಚಲಿನ ಹಂಡೆ ನೋಡಿಲ್ವಾ ನೀನು?'

ನೋಡಿದ್ದೇನೆ, ಹುಟ್ಟಿದಾಗಿನಿಂದ. ಹಂಡೆಯನ್ನು ಒಲೆಯೊಳಗೆ ಹೂತಿರುತ್ತಾರೆ, ಉರಿ ತಳಕ್ಕೆ ಬಡಿದು ಹೊಟ್ಟೆಯನ್ನು ಬಳಸಿ ಮೇಲೇರುತ್ತದೆ, ಹೊಗೆಗೆ ಪ್ರತ್ಯೇಕ ಕಂಡಿ ಇರುತ್ತದೆ. ಆ ಕಂಡಿ ಮುಚ್ಚಿದರೆ ಬೆಂಕಿ ಬಾಯಿಯಿಂದಲೇ ಹೊರಗೆ ಬರುತ್ತದೆ. ನನ್ನ ಅಂಗಳದಲ್ಲಿ ಆದದ್ದೂ ಅದೇ.

ಮೂರನೆಯ ಮರೆಗೆ ಸಂದನ್ನು ಪೆನ್ಸಿಲಿನಿಂದ ಅಳೆದೆ. ಪಾತ್ರೆಗೂ ತಗಡಿಗೂ ನಡುವೆ ಪೆನ್ಸಿಲ್ ಇಳಿಸಿ ಸುತ್ತಲೂ ಎಲ್ಲೂ ಸಿಕ್ಕದೆ ತಿರುಗಿಸಲು ಬರಬೇಕು, ಅಂದರೆ ಸುಮಾರು 7 ಮಿ.ಮೀ. ನನ್ನ ಪಾತ್ರೆಯ ವ್ಯಾಸ 95 ಮಿ.ಮೀ., ಹಾಗಾಗಿ ತಗಡಿನ ಉದ್ದ 342, ಮಡಚಿ ಸಿಕ್ಕಿಸಲು ಇನ್ನೊಂದು 10. ಎತ್ತರ 78, ಸುರುಳಿ ಸುತ್ತಿದರೆ ಪಾತ್ರೆಯೊಳಗೇ ಕೂರುತ್ತದೆ. ಹೊಸ ಒಲೆಯನ್ನೂ ಮಾಡಿದೆ, ಉರಿ ಬರುವ ಸೂಜಿತೂತು 24ರ ಬದಲು 16. ಉರಿ ಸಣ್ಣದಾದ್ದರಿಂದ ಸ್ಪಿರಿಟ್ ಒಳಗೆ ಹದ ಮೀರಿ ಕುದಿಯುವುದು ನಿಂತಿತು, 15 ಮಿಲಿ ಹತ್ತು ನಿಮಿಷ ಬಂತು. ಹಸಿ ಮರಳು ಒಲೆಯ ಶಾಖ ಹೀರಿ ಉರಿ ಏಳಲು ಬಿಡುವುದಿಲ್ಲ ಎಂಬುದು ಗೊತ್ತಾದ ಮೇಲೆ ಒಲೆಯ ಕೆಳಗೆ ನಾಲ್ಕು ಮಡಿಕೆ ಫಾಯಿಲ್ ಇಡುತ್ತಿದ್ದೇನೆ.

ಹಗಲು ಬೆಳಕಿನಲ್ಲಿ ಸ್ಪಿರಿಟ್ ಉರಿ ಕಾಣುವುದೇ ಇಲ್ಲ. ತೆಂಗಿನಗರಿಯ ಒಂದು ಕಡ್ಡಿ ಹತ್ತಿರ ಹಿಡಿದು ನೋಡುತ್ತೇನೆ, ತುದಿ ಕೆಂಪಾಗಿ ಸುರುಟಿದರೆ ಒಲೆ ಉರಿಯುತ್ತಿದೆ ಎಂದರ್ಥ. ಕಡ್ಡಿ ಹಿಡಿಯದೆ ಮತ್ತೆ ಸ್ಪಿರಿಟ್ ಸುರಿಯಲು ದಯವಿಟ್ಟು ಹೋಗಬೇಡಿ.

ಕಾಫಿಗೆ ಸ್ಟೀಲ್ ಫಿಲ್ಟರ್ ಬಿಟ್ಟೇಬಿಟ್ಟೆ, ಅದೊಂದೇ ಉಳಿದ ಇಡೀ ಸರಂಜಾಮಿಗಿಂತ ಭಾರ. ಹಳೆ ಪಂಚೆಯ ತುಂಡನ್ನು ಚೀಲವಾಗಿ ಹೊಲಿದು ಅದರಲ್ಲೇ ಪುಡಿ ಹಾಕಿ, ಕುದಿ ಇಳಿದ ನೀರನ್ನು ನಿಧಾನ ಸುರಿಯುತ್ತೇನೆ. ಕುದಿಯುವ ಕಾಫಿಗೆ ಹಾಲಿನ ಪುಡಿ ಮತ್ತು ಬೆಲ್ಲ ಒಟ್ಟಿಗೆ ಹಾಕಿ ಒಂದು ಸಲ ಹಾಲು ಒಡೆಯಿತು. ಈಗ ಹಾಲಿಲ್ಲ, ಕಪ್ಪು ಡಿಕಾಕ್ಷನ್, ಒಂದು ತುಂಡು ಓಲೆಬೆಲ್ಲ. ನಿನ್ನೆ ಅದು ಲೋಟದ ತಳದಲ್ಲಿ ಕರಗುತ್ತಾ ಬಿಟ್ಟ ಹೊಗೆವಾಸನೆಯ ಸಿಹಿ ಈಗಲೂ ನಾಲಿಗೆಯಲ್ಲಿದೆ. ಉಳಿದ ಬಿಸಿನೀರು ತೆಳು ಅವಲಕ್ಕಿಗೆ, ಮೇಲೆ ಚಟ್ನಿಪುಡಿ.

ಕೊಡಚಾದ್ರಿಗೆ ಇದನ್ನು ಒಯ್ಯುತ್ತೀರಾ ಎಂದು ಗೆಳೆಯರು ಕೇಳುತ್ತಾರೆ. ಅದು ಮೂಕಾಂಬಿಕಾ ಅಭಯಾರಣ್ಯದ ಒಳಗಿದೆ, ಅಭಯಾರಣ್ಯಕ್ಕೆ ಅಪಾಯವಾಗುವಂತೆ ಅಲ್ಲಿ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಅಲ್ಲಿ ಒಲೆ ಚೀಲದಿಂದ ಹೊರಗೆ ಬರುವುದಿಲ್ಲ. ನನ್ನ ಮನಸ್ಸಿರುವುದು ಪಡುಕೆರೆಯಿಂದ ಮಟ್ಟು ದಾಟಿ ಕಾಪುವಿನ ದೀಪಸ್ತಂಭದವರೆಗಿನ ಕಡಲಂಚಿನ ನಡಿಗೆಯ ಮೇಲೆ.

ಆ ನಡಿಗೆಗೆ ಗಂಜಿ ಬೇಕು. ಕುಚ್ಚಲಕ್ಕಿ ಬೇಯುವಷ್ಟು ಹೊತ್ತು ಯಾವ ಕ್ಯಾನ್ ಒಲೆಯೂ ಉರಿಯುವುದಿಲ್ಲ. ಅದಕ್ಕೆ, ಅಲ್ಲಿ ಬಿಸಿನೀರು ಸುರಿದರೆ ಸಾಕಾಗಲೆಂದು, ಮನೆಯಲ್ಲೇ ಪೂರ್ತಿ ಬೇಯಿಸಿ, ತಿಳಿ ಬಸಿದು, ತಣ್ಣೀರಲ್ಲಿ ತೊಳೆದು, ತಾರಸಿಯಲ್ಲಿ ಒಣಗಿಸುತ್ತಿದ್ದೇನೆ. ಮೊನ್ನೆಯ ಕಂತು ಒಂದಕ್ಕೊಂದು ಅಂಟಿ ಹಪ್ಪಳವಾಯಿತು. ಇವತ್ತಿನದನ್ನು ಹಳೆ ಸೀರೆಯ ಮೇಲೆ ಒಂದೊಂದು ಅಗುಳು ಬಿಡಿಸಿ ಹರವಿದ್ದೇನೆ, ಮೇಲೆ ಸೊಳ್ಳೆಪರದೆ ಹೊದಿಸಿದೆ, ಕಾಗೆಗಳು ಆಗಲೇ ಟ್ಯಾಂಕಿಯ ಮೇಲೆ ಬಂದು ಕೂತಿವೆ.